ಬಾಡಿಗೆ ಮನೆಗೆ ಮೂರು ಲಕ್ಷ ಖರ್ಚು ಮಾಡಬೇಕು, ಯಾವುದಕ್ಕೆ ಮೊದಲು?

ಪ್ರಶ್ನೆ: ನಮಸ್ಕಾರ ಸಾರ್. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ ಇದೆ. 30x40 ಸೈಟು. ಕೆಳಗೆ ನಾವಿದ್ದೇವೆ, ಮೇಲಿನ ಎರಡು ಬೆಡ್‌ರೂಮ್ ಮನೆ ಬಾಡಿಗೆಗೆ. ನಾಲ್ಕು ತಿಂಗಳಿಂದ ಖಾಲಿ. ಬಂದವರು ನೋಡಿ "ಫೋನ್ ಮಾಡ್ತೀವಿ" ಅಂತ ಹೋಗುತ್ತಾರೆ, ಅಷ್ಟೇ. 15,000 ಕೇಳುತ್ತಿದ್ದೇವೆ. ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್ ಮಾಡಿಸಿದರೆ 17,000ಕ್ಕೆ ಹೋಗುತ್ತದೆ ಅಂತ ಬ್ರೋಕರ್ ಹೇಳುತ್ತಾರೆ. ಮಾಡಿಸಲಾ?

ಸಿವಿಲ್ ಎಂಜಿನಿಯರ್: ಮೇಡಂ, ಮೊದಲು ಲೆಕ್ಕ ನೋಡೋಣ. ಮೂರು ಲಕ್ಷ ಹಾಕಿ ತಿಂಗಳಿಗೆ 2,000 ಜಾಸ್ತಿ ಬಂದರೆ, ಹಾಕಿದ ದುಡ್ಡು ವಾಪಸ್ ಬರಲು ಹನ್ನೆರಡೂವರೆ ವರ್ಷ ಬೇಕು. ಆದರೆ ನಾಲ್ಕು ತಿಂಗಳು ಖಾಲಿ ಇದ್ದಿದ್ದಕ್ಕೇ ಆಗಲೇ 60,000 ಹೋಗಿದೆ. ಬಾಡಿಗೆ ಏರಿಸುವುದಕ್ಕಿಂತ ಮನೆ ಖಾಲಿ ಬೀಳದಂತೆ ನೋಡಿಕೊಳ್ಳುವುದು ಲಾಭ. ಬಂದವರು ಮನೆಯಲ್ಲಿ ಏನು ನೋಡಿ ಸುಮ್ಮನಾಗುತ್ತಾರೆ? ಎಲ್ಲಾದರೂ ಗೋಡೆ ತೇವ ಇದೆಯಾ?

ಪ್ರಶ್ನೆ ಕೇಳಿದವರು: ಹೌದು ಸಾರ್. ಬಚ್ಚಲಿನ ಆಚೆ ಬದಿ ಬೆಡ್‌ರೂಮ್ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತಿದೆ. ಹಿಂದಿನವರು ಹೋದ ಮೇಲೆ ಪೇಂಟ್ ಹೊಡೆಸಿದ್ದೆವು, ಮತ್ತೆ ಬಂತು. ಈಗಲೂ ಕೈ ಇಟ್ಟರೆ ತಣ್ಣಗಿದೆ.

ಸಿವಿಲ್ ಎಂಜಿನಿಯರ್: ಅಲ್ಲೇ ಇರುವುದು ನಿಮ್ಮ ಸಮಸ್ಯೆ. ನಾಲ್ಕು ತಿಂಗಳಿಂದ ಅಲ್ಲಿ ಯಾರೂ ಸ್ನಾನ ಮಾಡಿಲ್ಲ, ಆದರೂ ಗೋಡೆ ಒಣಗಿಲ್ಲ. ಅಂದರೆ ನೆಲದಿಂದ ಇಳಿಯುವ ನೀರಿಗಿಂತ ಗೋಡೆಯೊಳಗಿನ ಪೈಪ್ ಮೇಲೆ ನನಗೆ ಅನುಮಾನ. ಹಳೇ ಮನೆಗಳ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಒಳಗೊಳಗೇ ತುಕ್ಕು ಹಿಡಿಯುತ್ತದೆ.

ಗೋಡೆ ಒಡೆಯುವ ಮೊದಲು ಪರೀಕ್ಷೆ ಮಾಡಿ. ರಾತ್ರಿ ಮೇಲಿನ ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಕೆಳಗಿನ ಮನೆಗೆ ಹೋಗುವ ವಾಲ್ವ್ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಪೈಪೇ ಸೋರುತ್ತಿದೆ. ಇಳಿಯದಿದ್ದರೆ ನಹಾನಿ ಟ್ರ್ಯಾಪ್‌ಗೆ (ಬಚ್ಚಲ ನೀರು ಹೋಗುವ ತೂತಿಗೆ) ಬಟ್ಟೆ ತುರುಕಿ, ಬಚ್ಚಲಲ್ಲಿ ಎರಡು ಇಂಚು ನೀರು ಒಂದು ದಿನ ನಿಲ್ಲಿಸಿ. ತೇವ ಏರಿದರೆ ನೆಲದ ಟೈಲ್ಸ್ ಎಬ್ಬಿಸಿ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಪೈಪ್ ಆದರೆ ಸಿಪಿವಿಸಿ, ಅಂದರೆ ತುಕ್ಕು ಹಿಡಿಯದ ಪ್ಲಾಸ್ಟಿಕ್ ಪೈಪ್ ಹಾಕಿಸಿ. ರಿಪೇರಿ ಆದ ತಕ್ಷಣ ಪುಟ್ಟಿ ಬಳಿಯಬೇಡಿ. ಹಳೇ ಪ್ಲಾಸ್ಟರ್ ಕೆತ್ತಿಸಿ, ಗೋಡೆ ಪೂರ್ತಿ ಒಣಗಲು ಬಿಡಿ. ಪೇಂಟರ್ ಅವಸರ ಮಾಡುತ್ತಾನೆ, ಕೇಳಬೇಡಿ.

ಉಳಿದ ದುಡ್ಡು ವೈರಿಂಗ್‌ಗೆ. ಗೀಸರ್, ವಾಷಿಂಗ್ ಮಷಿನ್, ಫ್ರಿಜ್‌ಗೆ 16 ಆಂಪ್ ಪಾಯಿಂಟ್, ಸರಿಯಾದ ಅರ್ಥಿಂಗ್, ಬೋರ್ಡಿನಲ್ಲಿ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್). ವಾಷಿಂಗ್ ಮಷಿನ್‌ಗೆ ನೀರಿನ ಪಾಯಿಂಟ್ ಎಲ್ಲಿ ಅಂತ ಈಗ ಎಲ್ಲರೂ ಕೇಳುತ್ತಾರೆ. ಕಿಟಕಿಗಳಿಗೆ ಸೊಳ್ಳೆ ಪರದೆ, ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್. ಗ್ರಾನೈಟ್ ಕಟ್ಟೆ ಚೆನ್ನಾಗಿದ್ದರೆ ಅದರ ಕೆಳಗೆ ಬಾಗಿಲು, ಡ್ರಾಯರ್ ಹಾಕಿಸಿದರೆ ಸಾಕು. ಫಾಲ್ಸ್ ಸೀಲಿಂಗ್ ಅಂತೂ ಬೇಡವೇ ಬೇಡ. ಮೇಲೆ ತಾರಸಿ ಸೋರಿದರೆ ಸೀಲಿಂಗ್‌ನ ಜಿಪ್ಸಮ್ ಹಲಗೆ ಊದಿಕೊಳ್ಳುವವರೆಗೆ ಗೊತ್ತೇ ಆಗುವುದಿಲ್ಲ.

ಇನ್ನೊಬ್ಬ ಸದಸ್ಯರು: ಸಾರ್, ಹಳೇ ಮೊಸಾಯಿಕ್ ನೆಲದ ಮೇಲೇ ಟೈಲ್ಸ್ ಹಾಕಬಹುದಾ?

ಸಿವಿಲ್ ಎಂಜಿನಿಯರ್: ನೆಲ ಟೊಳ್ಳು ಶಬ್ದ ಬರದೆ ಗಟ್ಟಿಯಾಗಿದ್ದರೆ ಅಡ್ಹೆಸಿವ್ ಹಾಕಿ ಕೂರಿಸಬಹುದು. ಆದರೆ ಬಾಗಿಲುಗಳ ಕೆಳಗೆ ಕತ್ತರಿಸಬೇಕು, ಹೊಸಿಲ ಹತ್ತಿರ ಎತ್ತರ ತಗ್ಗು ಆಗುತ್ತದೆ. ನನ್ನನ್ನು ಕೇಳಿದರೆ, ಬಿರುಕು ಇಲ್ಲದ ಮೊಸಾಯಿಕ್‌ಗೆ ಪಾಲಿಶ್ ಹೊಡೆಸಿ. ಖರ್ಚು ಕಡಿಮೆ, ನೋಡಲೂ ಚೆಂದ.

ಪ್ರಶ್ನೆ ಕೇಳಿದವರು: ಟ್ಯಾಂಕ್ ಪರೀಕ್ಷೆ ಮಾಡಿದೆವು ಸಾರ್, ನೀರು ಇಳಿದಿದೆ! ಪ್ಲಂಬರ್‌ಗೆ ಹೇಳಿದ್ದೇವೆ. ಈ ಖರ್ಚನ್ನು ಟ್ಯಾಕ್ಸ್‌ನಲ್ಲಿ ತೋರಿಸಬಹುದಾ?

ಅಕೌಂಟೆಂಟ್ ಸದಸ್ಯರು: ರಿಪೇರಿ ಅಂತ ಬೇರೆಯಾಗಿ ತೋರಿಸಲು ಆಗಲ್ಲ ಮೇಡಂ. ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ 30% ಹೇಗೂ ವಿನಾಯಿತಿ ಸಿಗುತ್ತದೆ. ನೀವು ಖರ್ಚು ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಮುಂದೆ ಮಾರುವಾಗ ಮಾತ್ರ ಮನೆಗೆ ಹೊಸದಾಗಿ ಸೇರಿಸಿದ ಕಾಯಂ ಕೆಲಸದ ಖರ್ಚು ಲೆಕ್ಕಕ್ಕೆ ಬರುತ್ತದೆ, ಪೇಂಟ್ ಬರಲ್ಲ. ಬಿಲ್ ಇಟ್ಟುಕೊಂಡಿರಿ. ದುಡ್ಡು ಬ್ಯಾಂಕ್ ಮೂಲಕ ಕೊಡಿ.