ಸೈಕಿ ಗಡಿಯಾರ ಎರಡೇ ಗಂಟೆ ಓಡಿ ನಿಲ್ಲುತ್ತಿದೆ, ದಯವಿಟ್ಟು ದಾರಿ ತೋರಿಸಿ

ಲಿಯೋನ್‌ವಾಸಿ: ಮೂರು ವಾರಗಳಿಂದ ಒದ್ದಾಡುತ್ತಿದ್ದೇನೆ. ಇಲ್ಲಿ ಫ್ರಾನ್ಸ್‌ನ ಲಿಯೋನ್‌ನ ಹಳೆಯ ಸಾಮಾನಿನ ಸಂತೆಯಲ್ಲಿ ಜುಲೈನಲ್ಲಿ ಕೊಂಡ, ಚಿನ್ನದ ಲೇಪದ ಕಂಚಿನ ಗಡಿಯಾರ. ಯಂತ್ರದ ಹಿಂಬದಿಯಲ್ಲಿ ‘ಪೊನ್ಸ್, ಮೆದಾಯ್ ದೋರ್ 1827’ ಎಂಬ ಮುದ್ರೆ, ಅಂದರೆ ತಯಾರಕ ಪೊನ್ಸ್‌ಗೆ 1827ರಲ್ಲಿ ಚಿನ್ನದ ಪದಕ. ಮೇಲೆ ರೋಮನ್ ಪುರಾಣದ ಪ್ರೇಮದೇವ ಕ್ಯೂಪಿಡ್ ಮತ್ತು ಅವನ ಪ್ರಿಯೆ ಸೈಕಿಯ ಮೂರ್ತಿಗಳು; ಅವಳ ಅಂಗೈಯಲ್ಲಿ ಉಗುರಿನಷ್ಟೇ ದೊಡ್ಡ ಚಿಟ್ಟೆ, ಪೀಠದಲ್ಲಿ ಜೋಡಿ ಪಾರಿವಾಳ. ನಮ್ಮ ಮದುವೆಯ ಹತ್ತನೇ ವರ್ಷಕ್ಕೆ ಹೆಂಡತಿಗೆ ಕೊಟ್ಟ ಉಡುಗೊರೆ. ಈಗ ಕೀ ಕೊಟ್ಟರೆ ಎರಡು ಗಂಟೆ ಓಡಿ ನಿಲ್ಲುತ್ತದೆ. ಏನು ಮಾಡಲಿ?

ಲೋಲಕ72: ಬೀಟ್, ಅಂದರೆ ಟಿಕ್ ಟಾಕ್ ಲಯ, ತಪ್ಪಿದೆ. ಟಿಕ್ ಟಾಕ್ ನಡುವಿನ ಅಂತರ ಸಮವಾಗಿಲ್ಲದಿದ್ದರೆ ಒಂದು ಬದಿಯ ಕಾಲಿನಡಿ ರಟ್ಟು ಕೊಡಿ.

ಲಿಯೋನ್‌ವಾಸಿ: ರಟ್ಟು ಇಟ್ಟು ನೋಡಿದೆ, ತೆಗೆದೂ ನೋಡಿದೆ. ಸದ್ದು ಸಮವಾಗಿಯೇ ಇದೆ.

ಲೋಲಕ72: ಕಿವಿಯನ್ನು ನಂಬಬೇಡಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕ್ರಚ್ ಅನ್ನು, ಅಂದರೆ ಲೋಲಕವನ್ನು ತಳ್ಳುವ ಕಡ್ಡಿಯನ್ನು, ಕೂದಲೆಳೆಯಷ್ಟು ಬಗ್ಗಿಸಿ.

ಹಿತ್ತಾಳೆಮನೆ: ಅವಸರದಲ್ಲಿ ಕ್ರಚ್ ಮುಟ್ಟಬೇಡಿ. ಲೋಲಕ ರೇಷ್ಮೆ ದಾರದಿಂದ ತೂಗುತ್ತಿದೆಯೇ? ಯಾರಾದರೂ ನೈಲಾನ್ ಕಟ್ಟಿದ್ದರೆ ಅದು ಹಿಗ್ಗಿ, ಲೋಲಕ ಇಳಿದು ಪೀಠಕ್ಕೆ ತಾಕುತ್ತದೆ.

ಲಿಯೋನ್‌ವಾಸಿ: ರೇಷ್ಮೆಯೇ. ಎಲ್ಲಿಯೂ ತಾಕುತ್ತಿಲ್ಲ. ಅಂದಹಾಗೆ ಸೈಕಿಯ ಮೈ ಮಂಕಾಗಿದೆ, ಹುಣಸೆಹಣ್ಣು ಹಾಕಿ ಉಜ್ಜಬಹುದೇ?

ಹಿತ್ತಾಳೆಮನೆ: ಖಂಡಿತ ಬೇಡ! ಪಾದರಸದಲ್ಲಿ ಚಿನ್ನ ಬೆರೆಸಿ ಬಳಿದು, ಕೆಂಡದ ಮೇಲೆ ಪಾದರಸವನ್ನು ಆವಿಯಾಗಿಸಿ ಉಳಿಸಿಕೊಂಡ ಪದರವದು. ಆ ಹಬೆಯನ್ನು ಉಸಿರಾಡಿ ಕೆಲಸಗಾರರು ಕೈನಡುಕ ಹತ್ತಿಸಿಕೊಂಡು ನರಳಿದ್ದಾರೆ. ಉಜ್ಜಿ ಕಳೆದರೆ ಮರಳಿ ಬರುವುದಿಲ್ಲ. ಸೈಕಿಯ ಮೈಯನ್ನು ಬೇಕೆಂದೇ ಮಂಕಾಗಿ ಬಿಟ್ಟು, ಅಂಚುಗಳಿಗೆ ಮಾತ್ರ ಹೊಳಪು ಕೊಡುತ್ತಿದ್ದರು.

ಕೀಲಿಕೈ: ನಮ್ಮ ಮನೆಯ ದೇವರ ದೀಪಗಳನ್ನು ಮೂರು ತಲೆಮಾರಿನಿಂದ ಹುಣಸೆಯಲ್ಲೇ ತೊಳೆಯುತ್ತಿದ್ದೇವೆ, ಏನೂ ಆಗಿಲ್ಲ.

ಹಿತ್ತಾಳೆಮನೆ: ದೀಪ ಒಳಗೂ ಹಿತ್ತಾಳೆ, ಹೊರಗೂ ಹಿತ್ತಾಳೆ. ಇಲ್ಲಿ ಚಿನ್ನವಿರುವುದು ಹೊರಗೆ ಮಾತ್ರ.

ಕೀಲಿಕೈ: ಸರಿ, ಒಪ್ಪಿದೆ. ನನ್ನ ಬಳಿ ಫ್ರಾನ್ಸ್‌ನ ಬೋಕೂರ್ ಊರಿನ ಜಾಪಿ ಫ್ರೇರ್ ಕಂಪನಿಯ ಯಂತ್ರವಿರುವ ಗಡಿಯಾರವಿದೆ. ಎರಡು ವಾರಕ್ಕೊಮ್ಮೆ ಕೀ ಕೊಟ್ಟರೆ ಸಾಕು, ಅರ್ಧ ಗಂಟೆಯ ಹೊಡೆತವೂ ತಪ್ಪುವುದಿಲ್ಲ. ಪಕ್ಕದಲ್ಲಿ ಜೋಡಿ ಮೇಣದಬತ್ತಿ ಕಂಬಗಳನ್ನೂ ಇಟ್ಟಿದ್ದೇನೆ. ಸಂಜೆ ಫೋಟೋ ಹಾಕುತ್ತೇನೆ.

ಲೋಲಕ72: ಮೊದಲು ಬೀಟ್.

ಚಕ್ರಹಲ್ಲು: ಒಂದು ಪ್ರಶ್ನೆ. ಕೊಂಡಾಗಿನಿಂದಲೂ ಹೀಗೆಯೇ ನಿಲ್ಲುತ್ತಿದೆಯೇ?

ಲಿಯೋನ್‌ವಾಸಿ: ಇಲ್ಲ, ಆಗಸ್ಟ್ ಪೂರ್ತಿ ಚೆನ್ನಾಗಿ ಓಡಿತು. ನವೆಂಬರ್‌ನಲ್ಲಿ ಶುರುವಾಯಿತು.

ಚಕ್ರಹಲ್ಲು: ಎಣ್ಣೆ ಬಿಟ್ಟಿದ್ದೀರಾ? ಯಾವುದು?

ಲಿಯೋನ್‌ವಾಸಿ: ತಂದ ದಿನವೇ ಬಿಟ್ಟೆ. ಊರಿನಿಂದ ತಂದ ಶುದ್ಧ ತೆಂಗಿನೆಣ್ಣೆ, ಬೆಂಕಿಕಡ್ಡಿಯ ತುದಿಯಿಂದ ಒಂದೊಂದೇ ಹನಿ. ಹೊಲಿಗೆ ಯಂತ್ರಕ್ಕೂ ಅದನ್ನೇ ಹಾಕುತ್ತಿದ್ದೆವು.

ಚಕ್ರಹಲ್ಲು: ಇದನ್ನು ಮೊದಲೇ ಹೇಳಬೇಕಿತ್ತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಿಂದಿನ ಮುಚ್ಚಳ ತೆಗೆದು, ಚಕ್ರಗಳ ಅಚ್ಚಿನ ತುದಿಗಳು ಕೂರುವ ರಂಧ್ರಗಳಿಗೆ ಟಾರ್ಚ್ ಬಿಟ್ಟು ನೋಡಿ.

ಲಿಯೋನ್‌ವಾಸಿ: ನೋಡಿದೆ. ಪ್ರತಿ ರಂಧ್ರದ ಸುತ್ತಲೂ ಬಿಳಿಯ ಉಂಗುರ, ಚಳಿಗಾಲದ ತುಪ್ಪದ ಹಾಗೆ ಗಟ್ಟಿ. ಮನೆಯಲ್ಲಿ ಈಗ 17 ಡಿಗ್ರಿ. ಹೇರ್ ಡ್ರೈಯರ್ ಹಿಡಿದು ಕರಗಿಸಲೇ?

ಚಕ್ರಹಲ್ಲು: ಬೇಡ, ಕರಗಿ ಇನ್ನಷ್ಟು ಒಳಗಿಳಿಯುತ್ತದೆ. ಯಂತ್ರ ಪೂರ್ತಿ ಬಿಚ್ಚಿ ತೊಳೆದು, ಗಡಿಯಾರದ ಎಣ್ಣೆಯನ್ನೇ ಹಾಕಬೇಕು. ಸ್ಪ್ರಿಂಗ್‌ನ ಬಿಗಿ ಇಳಿಸದೆ ಒಂದು ಸ್ಕ್ರೂ ಕೂಡ ಸಡಿಲಿಸಬೇಡಿ. ಹಲ್ಲುಗಳು ಮುರಿಯುತ್ತವೆ, ಬೆರಳಿಗೂ ಪೆಟ್ಟು. ಅನುಭವವಿಲ್ಲದಿದ್ದರೆ ಬಲ್ಲವರ ಕೈಗೆ ಕೊಡಿ.

ಲೋಲಕ72: ತೊಳೆದು ಕೂರಿಸಿದ ಮೇಲಾದರೂ ಬೀಟ್ ನೋಡಲೇಬೇಕು.

ಲಿಯೋನ್‌ವಾಸಿ: ಖಂಡಿತ. ಲಿಯೋನ್ ಸುತ್ತಮುತ್ತ ರೇಷ್ಮೆ ದಾರದ ಯಂತ್ರ ಬಲ್ಲ ರಿಪೇರಿಗಾರರು ಯಾರಿಗಾದರೂ ಗೊತ್ತೇ? ಜನವರಿ 20ರೊಳಗೆ ಬೇಕು.