ಪದ ಬೇಕು, ಅರ್ಜೆಂಟ್: ‘ಫೇಲ್-ಸೇಫ್’ ವಾಲ್ವ್‌ಗೆ ಕನ್ನಡದಲ್ಲಿ ಏನನ್ನೋಣ?

ಮಲ್ಲೇಶ್ವರದಿಂದ:

ಬಳಗದ ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ ಬೋರ್ಡುಗಳು ಪ್ರಿಂಟಿಗೆ ಹೋಗುತ್ತವೆ, ಅದಕ್ಕೇ ಈ ಅವಸರ.

ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ಗ್ಯಾಸ್ ಪೂರೈಕೆಯ ಸುರಕ್ಷತಾ ವ್ಯವಸ್ಥೆಯನ್ನು ಮೇಲ್ದರ್ಜೆಗೆ ಏರಿಸುತ್ತಿದ್ದಾರೆ. ಅಲ್ಲಿ ಗುತ್ತಿಗೆ ಕೆಲಸಕ್ಕೆ ಬರುವವರಿಗಾಗಿ ಒಂದು ಕೈಪಿಡಿ, ಕೆಲವು ಬೋರ್ಡು. ಅನುವಾದ ನನ್ನದು. ಸ್ಥಾವರ ಅಂದ ಕೂಡಲೇ ರಿಯಾಕ್ಟರ್ ನೆನಪಾಗುತ್ತದೆ. ಈ ಬೋರ್ಡುಗಳು ಇರುವುದು ಜನರೇಟರ್ ಕಡೆ. ದೊಡ್ಡ ಜನರೇಟರ್ ತಂಪಾಗಿರಲಿ ಅಂತ ಒಳಗೆ ಹೈಡ್ರೋಜನ್ ತುಂಬುತ್ತಾರೆ. ಅದು ಗಾಳಿಗಿಂತ ಸುಮಾರು 14 ಪಟ್ಟು ಹಗುರ, ಬಿಸಿಯನ್ನೂ ಬೇಗ ಸಾಗಿಸುತ್ತದೆ. ಆದರೆ ಗಾಳಿಯಲ್ಲಿ ಶೇ. 4ರಿಂದ 75ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಅದಕ್ಕೇ ಪೈಪಿನಲ್ಲಿ ಎರಡು ಮುಚ್ಚುವ ವಾಲ್ವ್, ಅವುಗಳ ನಡುವೆ ಗ್ಯಾಸನ್ನು ಹೊರಗೆ ಬಿಡುವ ಇನ್ನೊಂದು ವಾಲ್ವ್. ಮೂರೂ ‘ಫೇಲ್-ಸೇಫ್’.

ಮೊದಲು ‘ವಿಫಲ-ಸುರಕ್ಷಿತ ಕವಾಟ’ ಅಂತ ಬರೆದೆ. ಅಮ್ಮನಿಗೆ ಓದಿ ಹೇಳಿದೆ. “ಕೆಟ್ಟುಹೋಗಿರೋ ವಾಲ್ವಾ?” ಅಂತ ಕೇಳಿದರು. ಅದನ್ನು ಅಳಿಸಿಬಿಟ್ಟೆ. ನಿಮಗೆ ಏನು ತೋಚುತ್ತದೆ?

ಬಸವನಗುಡಿಯಿಂದ:

ತಂಗಿ, ಮೊದಲು ‘ಕವಾಟ’ ಬಿಡಿ. ಅದು ಹೃದಯದ ಪಾಠದಲ್ಲಿ ಇರಲಿ. ನಮ್ಮಲ್ಲಿ ‘ತೂಬು’ ಇದೆ. ಕೆರೆ ಕಟ್ಟಿದ ಕಾಲದಿಂದ ಇದೆ. ನೀರುಗಂಟಿ ಬೆಳಗಿನ ಜಾವ ಹೋಗಿ ತೂಬು ಎತ್ತುತ್ತಿದ್ದ. ಬೇಕಾದಷ್ಟು ಬಿಡುವುದು, ಬೇಡವಾದಾಗ ತಡೆಯುವುದು, ವಾಲ್ವ್ ಮಾಡುವುದೂ ಅದನ್ನೇ ಅಲ್ವಾ? ಇಂಗ್ಲಿಷಿನ ‘ಟ್ಯೂಬ್’ ಕೂಡ ನಮ್ಮ ತೂಬಿನಿಂದಲೇ ಹೋಗಿರಬೇಕು ಅಂತ ನಾನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ‘ಕಾವತೂಬು’ ಅಂತ ಹಾಕಿ. ಕಾಯುವ ತೂಬು. ಎರಡು ನಿಮಿಷದಲ್ಲಿ ಬಾಯಿಗೆ ಹತ್ತುತ್ತದೆ.

ವಿಜಯನಗರದಿಂದ:

ಟ್ಯೂಬ್ ಬಂದಿರುವುದು ಲ್ಯಾಟಿನ್‌ನ ‘ಟ್ಯೂಬಸ್’ನಿಂದ. ತೂಬಿನ ನಂಟರು ತಮಿಳಿನ ‘ತೂಂಬು’ ಮೊದಲಾದವು. ಸದ್ದು ಒಂದೇ ಅಂದ ಮಾತ್ರಕ್ಕೆ ಹುಟ್ಟು ಒಂದಾಗುವುದಿಲ್ಲ. ಈ ಮಾತು ಇಲ್ಲಿಗೆ ಮುಗಿಯಲಿ.

ಇನ್ನೊಂದು ವಿಷಯ. ತೂಬು ಅಂದರೆ ನೀರು ಹೊರಡುವ ಕಿಂಡಿ. ಅದನ್ನು ಮುಚ್ಚುವುದು ಬಿರಡೆ. ವಾಲ್ವ್‌ಗೆ ಹತ್ತಿರ ಇರುವುದು ಬಿರಡೆ, ತೂಬಲ್ಲ. ಕಿಂಡಿಯ ಹೆಸರನ್ನು ಬಾಗಿಲಿಗೆ ಇಟ್ಟು ಅದನ್ನು ಸುರಕ್ಷತೆಯ ಬೋರ್ಡಿನಲ್ಲಿ ಬರೆಯಬೇಡಿ.

ಬಸವನಗುಡಿಯಿಂದ:

ಕೆರೆಯ ಮೇಲೆ ನಿಂತವರಿಗೆ ಗೊತ್ತು. “ತೂಬು ಮುಚ್ಚು” ಅಂತಲೇ ಹೇಳುವುದು, “ಬಿರಡೆ ಹಾಕು” ಅಂತ ಯಾರೂ ಹೇಳುವುದಿಲ್ಲ. ಬಳಕೆ ದೊಡ್ಡದು ಸ್ವಾಮಿ.

ಯಲಹಂಕದಿಂದ:

ನಾನು ವಿದ್ಯುತ್ ಸ್ಥಾವರಗಳ ನಿರ್ವಹಣೆಯಲ್ಲಿ ಇದ್ದು ನಿವೃತ್ತನಾದವನು. ಪದಕ್ಕಿಂತ ಮೊದಲು ಅರ್ಥ ನೋಡೋಣ. ತುಂಬಾ ಜನ ಫೇಲ್-ಸೇಫ್ ಅಂದರೆ ‘ಕೆಡುವುದೇ ಇಲ್ಲ’ ಅಂದುಕೊಂಡಿದ್ದಾರೆ. ತಪ್ಪು. ಕೆಡುತ್ತದೆ. ಕೆಟ್ಟಾಗ ಅಪಾಯ ಕಡಿಮೆ ಇರುವ ಕಡೆಗೆ ಹೋಗಿ ನಿಲ್ಲುತ್ತದೆ. ಅಷ್ಟೇ.

ಇದು ಯಾಕೆ ಮುಖ್ಯ ಅಂದರೆ, 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಸ್ಥಾವರದ ಒಂದನೇ ಘಟಕದಲ್ಲಿ ಟರ್ಬೈನಿನ ಎರಡು ಅಲಗು ಮುರಿದವು. ಆ ಅದುರಾಟಕ್ಕೆ, ಗ್ಯಾಸ್ ಸೋರದಂತೆ ತಡೆಯುವ ಜನರೇಟರಿನ ಸೀಲುಗಳು ಹಾಳಾಗಿ ಹೈಡ್ರೋಜನ್ ಹೊರಬಂದು ಹೊತ್ತಿಕೊಂಡಿತು. ಎಣ್ಣೆಗೂ ಬೆಂಕಿ ಹತ್ತಿತು. ಕೇಬಲ್‌ಗಳು ಸುಟ್ಟು ಆ ಘಟಕದಲ್ಲಿ ಸುಮಾರು 17 ಗಂಟೆ ಕರೆಂಟೇ ಇರಲಿಲ್ಲ. ಸಿಬ್ಬಂದಿ ತಕ್ಷಣ ರಿಯಾಕ್ಟರ್ ನಿಲ್ಲಿಸಿದ್ದರು, ಸುತ್ತಲಿನ ಊರಿಗೆ ವಿಕಿರಣ ಹರಡಲಿಲ್ಲ. ಕರೆಂಟೇ ಇಲ್ಲದ ಹೊತ್ತಿನಲ್ಲಿ ಯಾವ ವಾಲ್ವ್ ತೆರೆದು ನಿಂತಿದೆ, ಯಾವುದು ಮುಚ್ಚಿ ನಿಂತಿದೆ? ಆ ಪ್ರಶ್ನೆಗೆ ಉತ್ತರವೇ ಈ ಪದ.

ಈಗ ಮೇಡಂ ಹೇಳಿದ ಮೂರು ವಾಲ್ವ್ ನೋಡಿ. ಎರಡು ಮುಚ್ಚಬೇಕು. ನಡುವಿನದು ತೆರೆಯಬೇಕು, ಇಲ್ಲದಿದ್ದರೆ ಸೋರಿದ ಗ್ಯಾಸ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರಕ್ಕೂ ಒಂದೇ ಹೆಸರು ಬರೆದರೆ ಯಾವುದು ಏನು ಮಾಡುತ್ತದೆ ಅಂತ ಓದುವವನಿಗೆ ಹೇಗೆ ತಿಳಿಯಬೇಕು?

ಜಯನಗರದಿಂದ:

ಹೈಡ್ರೋಜನ್, ಗ್ಯಾಸ್, ವಾಲ್ವ್, ಜನರೇಟರ್. ಇಷ್ಟೆಲ್ಲ ಇಂಗ್ಲಿಷ್ ಇಟ್ಟುಕೊಂಡು ಒಂದು ಪದಕ್ಕೆ ಯಾಕೆ ಕಷ್ಟಪಡುತ್ತೀರಿ? ಜಲಜನಕ ಅಂತ ನಾವೆಲ್ಲ ಶಾಲೆಯಲ್ಲಿ ಓದಿಲ್ಲವೇ? ಅನಿಲ ಅಂತ ಬರೆಯಿರಿ. ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ನಾಳೆ ಕ್ರಿಯಾಪದ ಮಾತ್ರ ಕನ್ನಡದಲ್ಲಿ ಉಳಿಯುತ್ತದೆ. ಇದನ್ನು ನಾನು ಸಂಕಟದಿಂದ ಹೇಳುತ್ತಿದ್ದೇನೆ.

ವಿಜಯನಗರದಿಂದ:

ಜಲಜನಕವೂ ನಕಲೇ. ಗ್ರೀಕಿನಲ್ಲಿ ‘ನೀರು ಹುಟ್ಟಿಸುವುದು’ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ಗುಂಪಿನವರು 1787ರಲ್ಲಿ ಕೊಟ್ಟ ಹೆಸರನ್ನು ನಾವು ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ಅನಿಲ ಸಂಸ್ಕೃತದಲ್ಲಿ ಬರೀ ಗಾಳಿ. ಸಂಸ್ಕೃತದಿಂದ ತಂದರೆ ನಮ್ಮದು, ಇಂಗ್ಲಿಷಿನಿಂದ ತಂದರೆ ಸಾಲ, ಇದು ಯಾವ ಲೆಕ್ಕ? ಚಾವಿ ಪೋರ್ಚುಗೀಸರಿಂದ ಬಂತು, ಮೇಜೂ ಹೊರಗಿನಿಂದ ಬಂದದ್ದೇ. ಅವುಗಳನ್ನು ವಾಪಸ್ ಕೊಡುತ್ತೀರಾ?

ಜಯನಗರದಿಂದ:

ಮೇಜು ಬಂದಾಗ ಕನ್ನಡದ ವಾಕ್ಯ ಗಟ್ಟಿಯಾಗಿತ್ತು. ಈಗ ವಾಕ್ಯವೇ ಸಡಿಲವಾಗುತ್ತಿದೆ. ಎರಡೂ ಒಂದೇ ಅಲ್ಲ.

ಪೀಣ್ಯದಿಂದ:

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ನಮ್ಮದು ವಾಲ್ವ್ ರಿಪೇರಿ ಶೆಡ್. ಇವತ್ತು ಟೆಸ್ಟ್ ಬೆಂಚಿನ ಮೇಲೆ ಇಂಥದ್ದೇ ಒಂದು ಇತ್ತು. ಪಕ್ಕದಲ್ಲಿ ಕಂಪ್ರೆಸರ್ ಓಡುತ್ತಿತ್ತು. ಗಾಳಿ ಕೊಟ್ಟಾಗ ಒಳಗಿನ ಸ್ಪ್ರಿಂಗ್ ಅದುಮಿಕೊಂಡು ವಾಲ್ವ್ ತೆರೆದಿರುತ್ತದೆ. ಮೇಲಿನ ಹಳದಿ ಮುಳ್ಳು ಪೈಪಿನ ಗುಂಟ ನಿಂತಿರುತ್ತದೆ. ನಮ್ಮ ಹುಡುಗ ಗಾಳಿ ಪೈಪು ಕಿತ್ತ. ಠಪ್ ಅಂತ ಸದ್ದು. ಮುಳ್ಳು ಅಡ್ಡಕ್ಕೆ ತಿರುಗಿತು. ಇದಕ್ಕೆ ಏನು ಹೇಳ್ತೀಯಪ್ಪ ಅಂತ ಕೇಳಿದೆ. “ಗಾಳಿ ಹೋದ್ರೆ ಮುಚ್ಕೊಳ್ಳುತ್ತೆ ಸಾರ್, ಇನ್ನೊಂದು ಮಾಡೆಲ್ ಗಾಳಿ ಹೋದ್ರೆ ತೆಕ್ಕೊಳ್ಳುತ್ತೆ” ಅಂದ. ಅವನು ಹಾವೇರಿ ಕಡೆಯವನು, ಬಂದು ಎರಡು ವರ್ಷ ಆಯಿತು. ಶೆಡ್‌ನಲ್ಲಿ ನಾವೆಲ್ಲ ಹಾಗೇ ಮಾತಾಡುವುದು.

ಯಲಹಂಕದಿಂದ:

ಆ ಹುಡುಗ ಹೇಳಿದ್ದೇ ಸರಿ. ‘ಕೆಟ್ಟರೆ ಮುಚ್ಚುವ ವಾಲ್ವ್’ ಅಂತ ಬರೆಯಲು ಹೊರಟಿದ್ದೆ, ಈಗ ಬೇಡ ಅನಿಸುತ್ತಿದೆ. ಬಹಳ ಸಲ ವಾಲ್ವ್ ಕೆಟ್ಟಿರುವುದೇ ಇಲ್ಲ. ಅದಕ್ಕೆ ಬರಬೇಕಾದ ಗಾಳಿಯೋ ಕರೆಂಟೋ ಹೋಗಿರುತ್ತದೆ. ಕರೆಂಟ್ ‘ಹೋಯ್ತು’ ಅಂತೀವಿ, ‘ಕೆಟ್ಟಿತು’ ಅನ್ನುವುದಿಲ್ಲ. ‘ಹೋಗು’ ಇಲ್ಲಿ ಸರಿಯಾಗಿ ಕೂರುತ್ತದೆ.

ವಿಜಯನಗರದಿಂದ:

ಒಪ್ಪಿದೆ. ‘ಕೊಳ್ಳು’ವನ್ನೂ ಗಮನಿಸಿ. ‘ಮುಚ್ಚು’ ಅಂದರೆ ಯಾರೋ ಮುಚ್ಚಬೇಕು. ‘ಮುಚ್ಚಿಕೊಳ್ಳು’ ಅಂದರೆ ಅದರಷ್ಟಕ್ಕೆ ಅದು. ಇಂಗ್ಲಿಷಿನವರು ‘ಆಟೋಮ್ಯಾಟಿಕ್’ ಸೇರಿಸಿ ಹೇಳುವುದನ್ನು ನಮ್ಮ ಕ್ರಿಯಾಪದ ತಾನೇ ಹೇಳುತ್ತದೆ. ಹೊಸ ನಾಮಪದ ಬೇಕಿಲ್ಲ. ‘ಸ್ವಯಂಚಾಲಿತ’ವೂ ಬೇಡ. ಬೋರ್ಡಿನಲ್ಲಿ ‘ಮುಚ್ಚಿ’ ಅಂತ ಮಾತ್ರ ಬರೆಯಬೇಡಿ. ಅದನ್ನು ಅಪ್ಪಣೆ ಅಂದುಕೊಂಡು ಯಾರಾದರೂ ಹಿಡಿ ತಿರುಗಿಸಿಬಿಟ್ಟಾರು.

ಬಸವನಗುಡಿಯಿಂದ:

ವಾಕ್ಯ ಚೆನ್ನಾಗಿದೆ, ಅದಕ್ಕೆ ನನ್ನ ತಕರಾರಿಲ್ಲ. ‘ವಾಲ್ವ್’ ಜಾಗದಲ್ಲಿ ‘ತೂಬು’ ಹಾಕಿದರೆ ಏನು ನಷ್ಟ ಅಂತ ಇನ್ನೂ ಯಾರೂ ಹೇಳಿಲ್ಲ.

ಯಲಹಂಕದಿಂದ:

ಗುರುಗಳೇ, ರಾತ್ರಿ ಪಾಳಿಯಲ್ಲಿ ಒಬ್ಬ ಫೋನ್ ಮಾಡಿ “ವಾಲ್ವ್ ನಂಬರ್ ಇಷ್ಟು” ಅನ್ನುತ್ತಾನೆ. ಬೋರ್ಡಿನಲ್ಲಿ ಬೇರೆ ಹೆಸರಿದ್ದರೆ ಆ ಕಡೆ ಇರುವವನು ಒಂದು ಕ್ಷಣ ನಿಂತು ಯೋಚಿಸುತ್ತಾನೆ. ಆ ಒಂದು ಕ್ಷಣ ನನಗೆ ಬೇಡ. ಅದೇ ನಷ್ಟ.

ಮಲ್ಲೇಶ್ವರದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಳಿಸುತ್ತಿರುವುದು ಇದು.

ಎರಡು ವಾಲ್ವ್‌ಗಳ ಮೇಲೆ: “ಗಾಳಿ ಅಥವಾ ಕರೆಂಟ್ ಹೋದರೆ ಈ ವಾಲ್ವ್ ಮುಚ್ಚಿಕೊಳ್ಳುತ್ತದೆ. ಕೈಯಿಂದ ತೆರೆಯಬೇಡಿ.”

ನಡುವಿನದರ ಮೇಲೆ: “ಗಾಳಿ ಅಥವಾ ಕರೆಂಟ್ ಹೋದರೆ ಈ ವಾಲ್ವ್ ತೆರೆದುಕೊಳ್ಳುತ್ತದೆ. ಕೈಯಿಂದ ಮುಚ್ಚಬೇಡಿ.”

ಜಯನಗರದವರಿಗೆ: ಕೈಪಿಡಿಯಲ್ಲಿ ಮೊದಲ ಸಲ ಬರುವಾಗ ‘ಹೈಡ್ರೋಜನ್, ಅಂದರೆ ಜಲಜನಕ’ ಅಂತ ಬರೆದಿದ್ದೇನೆ. ಬೋರ್ಡಿನಲ್ಲಿ ಹೈಡ್ರೋಜನ್ ಮಾತ್ರ. ಸಿಲಿಂಡರ್ ಮೇಲೆ ಬರೆದಿರುವುದೂ ಅದೇ. ಅಮ್ಮನಿಗೆ ಇನ್ನೊಂದು ಸಲ ಓದಿ ಹೇಳಿದೆ. ಈ ಸಲ ಏನೂ ಕೇಳಲಿಲ್ಲ.