‘ಸಮಂಜಸ ಹೊಂದಾಣಿಕೆ’ಗೆ ಬದಲಾಗಿ ಯಾವ ಪದ? ಉದ್ಯೋಗದ ಅರ್ಜಿಯೊಂದರ ಕನ್ನಡ

ಎಲ್ಲರಿಗೂ ಶಿರಸಿಯಿಂದ ನಮಸ್ಕಾರ.

ಇಲ್ಲಿನ ಸಹಕಾರಿ ಸಂಸ್ಥೆಯೊಂದು ಗುಮಾಸ್ತರ ಹುದ್ದೆಗಳಿಗೆ ಆನ್‌ಲೈನಿನಲ್ಲಿ ಅರ್ಜಿ ಕರೆಯಲಿದೆ. ಅದರ ಇಂಗ್ಲಿಷ್ ನಮೂನೆಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಂಗವಿಕಲ ಅಭ್ಯರ್ಥಿಗಳು ಯಾರ ಹಂಗೂ ಇಲ್ಲದೆ ತಾವೇ ತುಂಬುವಂತಿರಬೇಕು ಎಂದು ಅವರು ಹೇಳಿದ್ದಾರೆ, ನನಗೂ ಅದೇ ಬೇಕು. ಹೆಸರು, ವಿಳಾಸ, ವಿದ್ಯಾರ್ಹತೆ ಎಲ್ಲ ಸಲೀಸಾಗಿ ಬಂತು. ತಡೆದದ್ದು ‘ರೀಸನಬಲ್ ಅಕಾಮೊಡೇಶನ್’ ಎಂಬಲ್ಲಿ.

ಇದನ್ನು ‘ಸಮಂಜಸ ಹೊಂದಾಣಿಕೆ’ ಎಂದು ಬರೆಯುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಕಡೆ ‘ಹೊಂದ್ಕಂಡು ಹೋಗು’ ಎಂಬ ಮಾತನ್ನು ಯಾರಿಗೆ ಹೇಳುತ್ತಾರೆ? ಮನೆಗೆ ಹೊಸದಾಗಿ ಬಂದ ಸೊಸೆಗೆ, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ. ಅಂದರೆ ಬದಲಾಗಬೇಕಾದವರು ಯಾವಾಗಲೂ ಮಾತು ನಡೆಯದವರೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳುವುದು ಇದರ ತದ್ವಿರುದ್ಧ. ವಿಪರೀತ ಹೊರೆಯಾಗದಷ್ಟರ ಮಟ್ಟಿಗೆ ಬೇಕಾದ ಮಾರ್ಪಾಡುಗಳನ್ನು ಮಾಡಿಕೊಡಬೇಕು, ಅಂಗವಿಕಲರು ಉಳಿದವರಿಗೆ ಸರಿಸಮನಾಗಿ ತಮ್ಮ ಹಕ್ಕನ್ನು ಅನುಭವಿಸುವಂತಾಗಬೇಕು ಎಂದು. ಹೊಂದಿಕೊಳ್ಳಬೇಕಾದದ್ದು ಕೆಲಸ ಕೊಡುವ ಕಡೆ. ‘ಹೊಂದಾಣಿಕೆ’ ಎಂದು ಓದಿದ ಅಭ್ಯರ್ಥಿಗೆ ಇದು ಹೇಗೆ ತಿಳಿಯಬೇಕು?

‘ಸೌಲಭ್ಯ’ ಎಂದರೆ ಯೋಜನೆಯೊಂದರ ಫಲಾನುಭವಿಯ ವಾಸನೆ. ‘ಅನುಕೂಲ’ ಆಡುಮಾತಿಗೆ ಹತ್ತಿರ, ‘ಸ್ವಲ್ಪ ಅನುಕೂಲ ಮಾಡ್ಕೊಡಿ’ ಎಂದು ದಿನವೂ ಕೇಳುತ್ತೇವೆ. ಆದರೆ ಅದರಲ್ಲಿ ಬೇಡಿಕೊಳ್ಳುವ ದನಿ ಇದೆ. ಸದ್ಯಕ್ಕೆ ನನ್ನ ಮನಸ್ಸು ‘ಏರ್ಪಾಡು’ ಕಡೆಗಿದೆ. ಪಾರಿಭಾಷಿಕ ಪದದ ತಂಟೆಯೇ ಬೇಡವೆಂದು ನೇರ ಪ್ರಶ್ನೆ ಮಾಡಿದ್ದೇನೆ: ‘ಪರೀಕ್ಷೆಗೆ ಮತ್ತು ಸಂದರ್ಶನಕ್ಕೆ ನಾವು ನಿಮಗಾಗಿ ಯಾವ ಏರ್ಪಾಡು ಮಾಡಬೇಕು?’ ಕೆಳಗೆ ಆಯ್ಕೆಗಳು: ಲಿಪಿಕಾರರು (ಅಭ್ಯರ್ಥಿ ಹೇಳಿದ ಉತ್ತರ ಬರೆದುಕೊಡುವವರು), ಹೆಚ್ಚುವರಿ ಸಮಯ, ನೆಲಮಹಡಿಯ ಕೊಠಡಿ, ಸಂಜ್ಞಾ ಭಾಷೆಯ ದುಭಾಷಿ, ಮತ್ತೇನಾದರೂ ಇದ್ದರೆ ಬರೆಯಲು ಜಾಗ. ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ ಎಂದು ಕೇಂದ್ರದ ಮಾರ್ಗಸೂಚಿಯಲ್ಲಿದೆ. ಇಲ್ಲೂ ಅಷ್ಟೇ ಕೊಡುವುದಾದರೆ ಅದನ್ನು ಅಲ್ಲೇ ಬರೆದುಬಿಡಬೇಕು, ಕೇಳಿದವರಿಗೆ ಮಾತ್ರ ಗೊತ್ತಾಗುವ ಗುಟ್ಟಾಗಬಾರದು.

ಈ ಪ್ರಶ್ನೆ ಎಲ್ಲಿ ಬರಬೇಕು ಎಂಬುದೂ ಮುಖ್ಯ. ಇಂಗ್ಲಿಷ್ ನಮೂನೆಯಲ್ಲಿ ಮೊದಲು ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ ಅಪ್‌ಲೋಡ್ ಮಾಡಬೇಕು, ಆಮೇಲಷ್ಟೇ ಈ ಪ್ರಶ್ನೆ ತೆರೆದುಕೊಳ್ಳುತ್ತದೆ. ಮೀಸಲಾತಿಗೆ ಶೇ. 40 ಬೇಕು, ಸರಿ. ಆದರೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲೇ ಸ್ಪಷ್ಟವಾಗಿ ಹೇಳಿದೆ: ಲಿಪಿಕಾರರ ನೆರವಿಗೆ ಶೇ. 40ರ ಮಿತಿ ಒಡ್ಡುವಂತಿಲ್ಲ. ಹಾಗಾಗಿ ಪ್ರಶ್ನೆಯನ್ನು ಎಲ್ಲರಿಗೂ ಕಾಣುವಲ್ಲಿ ಇಡಿ ಎಂದು ಸಂಸ್ಥೆಗೆ ಬರೆದಿದ್ದೇನೆ.

ನಮೂನೆಯ ಕರಡನ್ನು ಕುಮಟೆ ಕಡೆಯ, ಕಣ್ಣು ಕಾಣದ ಪದವೀಧರೆಯೊಬ್ಬಳಿಗೆ ಕೊಟ್ಟು ಪಕ್ಕದಲ್ಲೇ ಕುಳಿತಿದ್ದೆ. ಅವಳು ಬಳಸುವುದು ಎನ್‌ವಿಡಿಎ, ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ. ಟ್ಯಾಬ್ ಒತ್ತುತ್ತ ಹೋದಳು. ಅದು ಹೇಳಿದ್ದು ಇಷ್ಟೇ: ‘ಎಡಿಟ್, ಬ್ಲ್ಯಾಂಕ್. ಎಡಿಟ್, ಬ್ಲ್ಯಾಂಕ್.’ ಕಣ್ಣಿಗೆ ಪ್ರತಿ ಚೌಕದ ಮೇಲೂ ಹೆಸರು ಕಾಣುತ್ತಿತ್ತು, ಆದರೆ ಆ ಹೆಸರನ್ನು ಕೋಡಿನಲ್ಲಿ ಚೌಕಕ್ಕೆ ಜೋಡಿಸಿರಲಿಲ್ಲ. ‘ನನ್ನ ಹೆಸ್ರು ಎಲ್ಲಿ, ಅಪ್ಪನ ಹೆಸ್ರು ಎಲ್ಲಿ ಅಂತ ಇದು ಹೇಳೂದೇ ಇಲ್ಲ ಅಕ್ಕಾ’ ಎಂದಳು. ಮುಂದೆ ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಕೊಂಡಿಗಳ ಸಾಲು, ಯಾವುದು ಎಲ್ಲಿಗೆ ಒಯ್ಯುತ್ತದೆಂದು ಕೇಳಿ ತಿಳಿಯುವಂತಿಲ್ಲ. ‘ಕೆಂಪು ಬಣ್ಣದವುಗಳನ್ನು ತಪ್ಪದೆ ತುಂಬಿ’ ಎಂಬ ಸೂಚನೆ ಅವಳಿಗೂ ಇಲ್ಲ, ಬಣ್ಣಗುರುಡು ಇರುವವರಿಗೂ ಇಲ್ಲ. ಅಲ್ಲೆಲ್ಲ ‘ಕಡ್ಡಾಯ’ ಎಂಬ ಪದವನ್ನೇ ಹಾಕಿಸಿದೆ. ಹುದ್ದೆಯ ಪ್ರಕಟಣೆಯ ಪಿಡಿಎಫ್ ಅಂತೂ ಹಳೆಯ ನುಡಿ ಫಾಂಟಿನದು. ಅದರಲ್ಲಿ ಕಣ್ಣಿಗೆ ‘ಕಾರವಾರ’ ಎಂದು ಕಾಣುವ ಪದದ ಒಳಗಿರುವುದು ಪಿ, ಜಿ ಮುಂತಾದ ರೋಮನ್ ಸಂಕೇತಗಳು, ಎನ್‌ವಿಡಿಎ ಅದನ್ನೇ ಓದುತ್ತದೆ. ಕನ್ನಡ ಅಕ್ಷರಗಳಿಗೇ ಸಂಕೇತವಿರುವ ಯೂನಿಕೋಡಿಗೆ ಅದನ್ನು ಪರಿವರ್ತಿಸಬೇಕು, ಇಲ್ಲವೇ ಮತ್ತೆ ಟೈಪ್ ಮಾಡಿಸಬೇಕು. ನಾವು ಪದ ಆರಿಸುವಾಗ ಕಣ್ಣಿನಿಂದಷ್ಟೇ ಓದುತ್ತೇವೆ. ಅರ್ಜಿಯ ಪ್ರತಿ ಸಾಲನ್ನೂ ಕಿವಿಯಿಂದ ಕೇಳಿಯೇ ಒಪ್ಪಬೇಕೆಂದು ನನ್ನ ಹಟ.

ಇನ್ನು ‘ಆ್ಯಕ್ಸೆಸಿಬಲ್’, ಅಂದರೆ ಅಂಗವಿಕಲರೂ ಸಲೀಸಾಗಿ ಬಳಸಬಹುದಾದದ್ದು. 2015ರ ಡಿಸೆಂಬರ್ 3ರಂದು ಶುರುವಾದ ಕೇಂದ್ರ ಸರ್ಕಾರದ ಸುಗಮ್ಯ ಭಾರತ ಅಭಿಯಾನದಿಂದ ‘ಸುಗಮ್ಯ’ ಬಂದಿದೆ, ಆದರೆ ಕಚೇರಿಯ ಫಲಕ ಬಿಟ್ಟು ಹೊರಗೆ ಯಾರ ಬಾಯಲ್ಲೂ ಕೇಳಿಲ್ಲ. ‘ಪ್ರವೇಶಿಸುವಿಕೆ’ ಇಲ್ಲಿ ಗೊಂದಲವನ್ನೇ ಮಾಡುತ್ತದೆ. ಇದೇ ಅರ್ಜಿಯಲ್ಲಿ ‘ಪ್ರವೇಶ ಪತ್ರ’ ಎಂದರೆ ಹಾಲ್ ಟಿಕೆಟ್! ‘ಎಲ್ಲರಿಗೂ ಎಟುಕುವ ಅರ್ಜಿ’ ಎಂದರೆ ಹೇಗೆ? ಅಡಿಕೆ ತೋಟದಲ್ಲಿ ಕೊನೆ (ಅಡಿಕೆ ಗೊನೆ) ದೋಟಿಗೆ, ಅಂದರೆ ಕೊಯ್ಯುವ ಉದ್ದನೆಯ ಕೋಲಿಗೆ, ಎಟುಕುತ್ತದೋ ಇಲ್ಲವೋ ಎಂದು ಕೇಳುವ ನಮಗೆ ಆ ಪದ ಕೈಯಲ್ಲೇ ಇದೆ. ಆದರೂ ಒಂದು ಅಳುಕು. ಎಟುಕಿಸಿಕೊಳ್ಳುವ ಶ್ರಮ ಮತ್ತೆ ಅಭ್ಯರ್ಥಿಯ ತಲೆಗೇ ಬಂತು ಎಂದು ಯಾರಾದರೂ ಆಕ್ಷೇಪಿಸಿದರೆ ನನ್ನ ಬಳಿ ಉತ್ತರವಿಲ್ಲ.

ಕಾರವಾರ, ಅಂಕೋಲೆ ಕಡೆಯವರನ್ನು ವಿಶೇಷವಾಗಿ ಕೇಳುತ್ತೇನೆ. ಮನೆಯಲ್ಲಿ ಕೊಂಕಣಿ ಆಡುವವರಿಗೆ ‘ಏರ್ಪಾಡು’ ಥಟ್ಟನೆ ಅರ್ಥವಾದೀತೇ, ಇಲ್ಲಾ ‘ವ್ಯವಸ್ಥೆ’ಯೇ ವಾಸಿಯೇ? ‘ಎಟುಕು’ ನಿಮ್ಮಲ್ಲಿ ರೂಢಿಯಲ್ಲಿದೆಯೇ? ಪರದೆ ಓದಿಸಿಕೊಂಡು ಕೆಲಸ ಮಾಡುವವರು ಇದನ್ನು ಕೇಳುತ್ತಿದ್ದರೆ, ಮೇಲಿನ ಏರ್ಪಾಡಿನ ಪ್ರಶ್ನೆ ಒಂದೇ ಸಲಕ್ಕೆ ತಿಳಿಯಿತೋ ಇಲ್ಲವೋ ದಯವಿಟ್ಟು ತಿಳಿಸಿ. ನಿಮ್ಮ ಮಾತು ಬಂದ ಮೇಲೆಯೇ ನಮೂನೆಯನ್ನು ಸಂಸ್ಥೆಗೆ ಕಳಿಸುತ್ತೇನೆ.